ಹಿಟ್ಟಿನ ಕೈಗೆ ತಾಗದಂತೆ: ವೆಬ್‌ಸೈಟಿನಲ್ಲಿ ಜಾಹೀರಾತು ಎಲ್ಲಿ ಇಡಬೇಕು, ಎಲ್ಲಿ ಬೇಡ

ಬೇಸಿಗೆಯ ಒಂದು ಮಧ್ಯಾಹ್ನ ಅಕ್ಕ ಫೋನ್ ಮಾಡಿದಳು. ಅವತ್ತು ಅವಳ ಮನೆಯಲ್ಲಿ ಹಲಸಿನಕಾಯಿ ಹಪ್ಪಳದ ಕೆಲಸ.

"ಎಂತ ಮಾರಾಯ್ತಿ, ಹಪ್ಪಳಕ್ಕೆ ಖಾರ ಎಷ್ಟು ಅಂತ ನೋಡಕ್ಕೆ ಹೋದ್ರೆ ನಿನ್ನ ಸೈಟು ಸಾಲ ಬೇಕಾ ಅಂತ ಕೇಳ್ತದೆ!"

ಆಗಿದ್ದು ಇಷ್ಟು. ಫೋನನ್ನು ಉಪ್ಪಿನ ಭರಣಿಗೆ ಒರಗಿಸಿ ಇಟ್ಟಿದ್ದಳು. ಎರಡೂ ಕೈಗೆ ಹಿಟ್ಟು. ಕಿರುಬೆರಳಿನ ತುದಿಯಲ್ಲಿ ಪುಟ ಸರಿಸುತ್ತಿದ್ದಳು. ಅದೇ ಹೊತ್ತಿಗೆ ನಡುವೆ ಒಂದು ಜಾಹೀರಾತು ಬಂದು ಕೂತಿತು. ಅಕ್ಷರವೆಲ್ಲ ಕೆಳಗೆ ಜಾರಿತು. ಸಾಮಗ್ರಿ ಪಟ್ಟಿಗೆ ಹೋದ ಬೆರಳು ಸಾಲದ ಆ್ಯಪ್ ಮೇಲೆ ಬಿತ್ತು.

ಆ ಕ್ಲಿಕ್ಕಿನಿಂದ ನನಗೆ ಏನೂ ಲಾಭ ಆಗಲಿಲ್ಲ. ಅಕ್ಕ ಆದ್ದರಿಂದ ಬೈದು ವಾಪಸ್ ಬಂದಳು. ಬೇರೆಯವರು ಬೈಯುವುದೂ ಇಲ್ಲ, ವಾಪಸ್ ಬರುವುದೂ ಇಲ್ಲ.

ಮಲೆನಾಡಿನ ಅಡುಗೆಗೆ ಅಂತ ನಾನೊಂದು ಚಿಕ್ಕ ಸೈಟು ನಡೆಸುತ್ತೇನೆ. ತಂಬುಳಿ, ಅಪ್ಪೆಹುಳಿ, ಪತ್ರೊಡೆ, ಹಪ್ಪಳ, ಸಂಡಿಗೆ. ಅದರಿಂದ ಮನೆ ನಡೆಯುವುದಿಲ್ಲ. ಸೈಟಿನ ಖರ್ಚು ಕಳೆದು ಒಂದಿಷ್ಟು ಉಳಿಯುತ್ತದೆ. ಅಕ್ಕನ ಫೋನ್ ಬಂದ ಮೇಲೆ ಎಲ್ಲ ಜಾಹೀರಾತನ್ನೂ ಕಿತ್ತು ಹೊಸದಾಗಿ ಜೋಡಿಸಿದೆ. ಆಗ ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮದು ಅಡುಗೆ ಸೈಟೇ ಆಗಬೇಕಿಲ್ಲ. ಕೃಷಿ, ಪರೀಕ್ಷೆ ತಯಾರಿ, ಪ್ರವಾಸ, ಯಾವುದೇ ಇದ್ದರೂ ಲೆಕ್ಕ ಒಂದೇ: ಓದುವವರ ಕಣ್ಣು ನಿಲ್ಲುವ ಕಡೆ ಜಾಹೀರಾತು ಇರಲಿ, ಬೆರಳು ಹೋಗುವ ಕಡೆ ಬೇಡ.

ದುಡ್ಡು ಬರುವುದು ಯಾವುದಕ್ಕೆ?

ಚಿಕ್ಕ ಸೈಟಿನವರಲ್ಲಿ ಬಹಳಷ್ಟು ಜನ ಶುರು ಮಾಡುವುದು ಗೂಗಲ್ ಆ್ಯಡ್‌ಸೆನ್ಸ್‌ನಲ್ಲಿ. ನಮ್ಮ ಪುಟಕ್ಕೆ ಜಾಹೀರಾತು ತಂದು ಹಾಕಿ, ಅದರ ದುಡ್ಡಿನಲ್ಲಿ ನಮಗೆ ಪಾಲು ಕೊಡುವ ಗೂಗಲ್ ಸೇವೆ ಅದು. ಬಂದದ್ದು 2003ರಲ್ಲಿ. ಹಿಂದಿ ಪುಟಗಳಿಗೆ ಅವಕಾಶ ಸಿಕ್ಕಿದ್ದು 2014ರ ಕೊನೆಗೆ, ಕನ್ನಡಕ್ಕೆ ಅದಕ್ಕೂ ಎಷ್ಟೋ ವರ್ಷ ತಡವಾಗಿ. ಈಗ ಕನ್ನಡ ಅವರ ಭಾಷಾ ಪಟ್ಟಿಯಲ್ಲಿದೆ. ಹಾಗಾಗಿ ಕನ್ನಡ ಪುಟ ಅಂತ ಹಿಂಜರಿಯಬೇಕಿಲ್ಲ.

ಹಿಂದೆಲ್ಲ ಒಂದು ಕ್ಲಿಕ್ಕಿಗೆ ಇಷ್ಟು ಅಂತ ಲೆಕ್ಕ ಇತ್ತು. 2024ರ ಆರಂಭದಲ್ಲಿ ಅದು ಬದಲಾಯಿತು. ಈಗ ಜಾಹೀರಾತು ತೋರಿಸಿದ್ದಕ್ಕೆ ದುಡ್ಡು. ಜಾಹೀರಾತು ಕೊಡುವವರ ಕಡೆಯ ಖರೀದಿ ವ್ಯವಸ್ಥೆ ತನ್ನ ಪಾಲು ಇಟ್ಟುಕೊಂಡ ಮೇಲೆ, ಉಳಿದದ್ದರಲ್ಲಿ 80% ಸೈಟಿನವರಿಗೆ. ಖರೀದಿಯೂ ಗೂಗಲ್ ಮೂಲಕವೇ ಆಗಿದ್ದರೆ ಒಟ್ಟಾರೆ ಸುಮಾರು 68%. ಯಾರೋ 100 ರೂಪಾಯಿ ಜಾಹೀರಾತಿಗೆ ಹಾಕಿದರೆ ನಮ್ಮ ಕೈಗೆ ಸುಮಾರು 68 ಅಂತಿಟ್ಟುಕೊಳ್ಳಿ.

ಹಾಗಂತ ಕ್ಲಿಕ್ಕಿಗೆ ಬೆಲೆಯೇ ಇಲ್ಲ ಅಂತಲ್ಲ. ಜಾಹೀರಾತು ಕೊಟ್ಟವರು ಸುಮ್ನೆ ಕೂತಿರುವುದಿಲ್ಲ ನೋಡಿ. ನಿಮ್ಮ ಸೈಟಿನಿಂದ ಬಂದವರು ಅಲ್ಲಿ ನಿಂತರಾ, ಏನಾದರೂ ಕೊಂಡರಾ ಅಂತ ಅಳೆಯುತ್ತಾರೆ. ಬಂದ ಕೂಡಲೇ ಓಡಿಹೋಗುವವರೇ ಜಾಸ್ತಿ ಆದರೆ ನಿಮ್ಮ ಜಾಗಕ್ಕೆ ಕೊಡುವ ಬೆಲೆ ಇಳಿಯುತ್ತದೆ. ತಪ್ಪಿ ಬಿದ್ದ ಕ್ಲಿಕ್ಕುಗಳು ಜಾಸ್ತಿ ಅನ್ನಿಸಿದರೆ ಗೂಗಲ್ ಆ ಜಾಗದ ಜಾಹೀರಾತಿಗೆ ಇನ್ನೊಂದು ಬೀಗ ಹಾಕುತ್ತದೆ. ಒಮ್ಮೆ ಒತ್ತಿದರೆ ತೆರೆಯುವುದಿಲ್ಲ, ನಿಜವಾಗಿ ಹೋಗಬೇಕಾ ಅಂತ ಕೇಳಿ ಎರಡನೇ ಸಲ ಒತ್ತಿಸುತ್ತದೆ. ಮೋಸದಿಂದ ಬಂದ ಕ್ಲಿಕ್ಕು ಒಂದಲ್ಲ ಒಂದು ದಿನ ಸೋರಿಹೋಗುತ್ತದೆ.

ಇನ್ನೊಂದು ವಿಷಯ: ಪುಟದಲ್ಲಿ ಜಾಹೀರಾತು ಇದೆ ಅಂದ ಮಾತ್ರಕ್ಕೆ ಅದು ಕಂಡಿತು ಅಂತಲ್ಲ. ಅರ್ಧದಷ್ಟಾದರೂ ಜಾಹೀರಾತು ಪರದೆಯ ಮೇಲೆ ಒಂದು ಸೆಕೆಂಡಾದರೂ ಇದ್ದರೆ ಅದು 'ಕಂಡಿದೆ' ಅಂತ ಈ ಉದ್ಯಮದ ಅಳತೆ. 2014ರಲ್ಲಿ ಗೂಗಲ್ ತನ್ನ ಜಾಹೀರಾತುಗಳನ್ನು ಹೀಗೆ ಅಳೆದು ನೋಡಿದಾಗ 56.1% ಯಾರಿಗೂ ಕಂಡೇ ಇರಲಿಲ್ಲ. ಅದೇ ಅಧ್ಯಯನದಲ್ಲಿ ಇನ್ನೂ ಸ್ವಾರಸ್ಯದ ಒಂದು ಸಂಗತಿ ಇತ್ತು. ಚೆನ್ನಾಗಿ ಕಂಡ ಜಾಗ ಪುಟದ ನೆತ್ತಿ ಅಲ್ಲ, ಮೊದಲ ಪರದೆಯ ಕೆಳ ಅಂಚಿಗಿಂತ ಸ್ವಲ್ಪ ಮೇಲಿನ ಜಾಗ. ಯಾಕೆ ಅಂತ ಯೋಚಿಸಿ. ಪುಟ ತೆರೆದ ಕೂಡಲೇ ನಾವೆಲ್ಲ ಮಾಡುವುದು ಕೆಳಗೆ ಸರಿಸುವುದನ್ನೇ ಅಲ್ವಾ?

1. ಮೊದಲು ಪುಟ, ಆಮೇಲೆ ಜಾಹೀರಾತು

ಇಷ್ಟೇ ಲೇಖನ ಇದ್ದರೆ ಒಪ್ಪಿಗೆ ಸಿಗುತ್ತದೆ ಅಂತ ಆ್ಯಡ್‌ಸೆನ್ಸ್ ಎಲ್ಲೂ ಹೇಳಿಲ್ಲ. ಯೂಟ್ಯೂಬಿನಲ್ಲಿ '30 ಲೇಖನ ಬೇಕೇ ಬೇಕು' ಅನ್ನುವವರನ್ನು ನಂಬಬೇಡಿ. ನಿಮಗೆ 18 ವರ್ಷ ಆಗಿರಬೇಕು, ಬರಹ ನಿಮ್ಮದೇ ಆಗಿರಬೇಕು, ಓದಿದವರಿಗೆ ಏನಾದರೂ ಸಿಗಬೇಕು. ಬೇರೆ ಸೈಟಿನಿಂದ ಕದ್ದು ಅಂಟಿಸಿದ್ದು, ಇಂಗ್ಲಿಷಿನಿಂದ ಯಂತ್ರದಲ್ಲಿ ಅನುವಾದಿಸಿ ಹಾಗೇ ಹಾಕಿದ್ದು, ಖಾಲಿ ವಿಭಾಗಗಳು, ಇವಿದ್ದರೆ ಅರ್ಜಿ ಹಾಕುವ ಮೊದಲೇ ತೆಗೆಯಿರಿ. 'ನಮ್ಮ ಬಗ್ಗೆ', 'ಸಂಪರ್ಕ' ಮತ್ತು ಖಾಸಗಿ ಮಾಹಿತಿ ನೀತಿಯ ಪುಟ ಇರಲಿ. ಜಾಹೀರಾತಿನವರು ಕುಕೀ (ಓದುವವರ ಬ್ರೌಸರಿನಲ್ಲಿ ಇಡುವ ಚಿಕ್ಕ ಗುರುತಿನ ಕಡತ) ಬಳಸುತ್ತಾರೆ ಅನ್ನುವುದನ್ನು ಆ ನೀತಿಯಲ್ಲಿ ಬರೆಯಬೇಕು.

2. ಪುಟವನ್ನು ಕಾಗದದ ಮೇಲೆ ಬರೆದುಕೊಳ್ಳಿ

ಈ ಲೇಖನದಲ್ಲಿ ಒಂದೇ ಒಂದು ಹಂತ ಮಾಡುವುದಾದರೆ ಇದನ್ನು ಮಾಡಿ.

ನಿಮ್ಮ ಸೈಟಿಗೆ ಜಾಸ್ತಿ ಜನ ಬರುವ ಒಂದು ಪುಟ ಆರಿಸಿ. ನಾನು ಆರಿಸಿದ್ದು ಹಪ್ಪಳದ ಪುಟವನ್ನೇ. ಒಂದು ಉದ್ದದ ಕಾಗದದಲ್ಲಿ ಮೇಲಿನಿಂದ ಕೆಳಗೆ ಪುಟದಲ್ಲಿ ಏನೇನಿದೆ ಅಂತ ಬರೆಯಿರಿ. ಪ್ರತಿಯೊಂದರ ಪಕ್ಕದಲ್ಲೂ 'ಇಲ್ಲಿ ಓದುವವರು ಏನು ಮಾಡುತ್ತಿರುತ್ತಾರೆ' ಅಂತ ಬರೆಯಿರಿ.

ನನ್ನ ಕಾಗದ ಹೀಗಿತ್ತು. ತಲೆಬರಹ ಬಂತು: ಸರಿಯಾದ ಪುಟಕ್ಕೆ ಬಂದೆನಾ ಅಂತ ನೋಡುತ್ತಾರೆ. ಒಣಗಿದ ಹಪ್ಪಳದ ಫೋಟೋ: ಒಂದು ಕ್ಷಣ ನಿಲ್ಲುತ್ತಾರೆ. ಎಂಥ ಹಲಸಿನಕಾಯಿ ಬೇಕು ಅನ್ನುವ ಎರಡು ಪ್ಯಾರಾ, ಅಂದರೆ ಬಲಿತಿರಬೇಕು, ಹಣ್ಣಾಗಿರಬಾರದು: ಇದನ್ನು ನಿಧಾನ ಓದುತ್ತಾರೆ, ಯಾಕೆಂದರೆ ಕಾಯಿ ತಪ್ಪಿದರೆ ಎಲ್ಲವೂ ತಪ್ಪಿತು. ಸಾಮಗ್ರಿ ಪಟ್ಟಿ: ಇಲ್ಲಿಗೆ ಹತ್ತು ಸಲ ಹೋಗಿ ಬರುತ್ತಾರೆ, ಬೆರಳು ಸದಾ ಇಲ್ಲೇ. ತೊಳೆ ಬಿಡಿಸಿ ಹಬೆಯಲ್ಲಿ ಬೇಯಿಸಿ, ನೀರು ಹಾಕದೆ ರುಬ್ಬುವುದು: ಕೈ ಕೊಳೆ, ಫೋನ್ ದೂರ. ರುಬ್ಬಿ ಆಯಿತು: ಕೈ ತೊಳೆದು ಒಂದು ನಿಮಿಷ ಕೂರುತ್ತಾರೆ. ಉಂಡೆ ಮಾಡಿ ಒತ್ತಿ ಚಾಪೆಯ ಮೇಲೆ ಹಾಕುವುದು: ಮತ್ತೆ ಕೈ ಕೊಳೆ. ಎರಡು ಮೂರು ದಿನ ಬಿಸಿಲು: ಇನ್ನು ಫೋನ್ ಬೇಕಿಲ್ಲ. ಡಬ್ಬಿಗೆ ತುಂಬುವ ಕ್ರಮ: ಇದನ್ನು ಕೂತು ಓದುತ್ತಾರೆ. ಕೊನೆಗೆ ಬೇರೆ ಹಪ್ಪಳಗಳ ಕೊಂಡಿಗಳು: ಇಲ್ಲಿ ಮತ್ತೆ ಬೆರಳು.

ಕಾಗದ ತುಂಬಿದ ಮೇಲೆ ನಾನು ಹೇಳುವುದೇ ಬೇಡ, ಜಾಗ ತಾನಾಗಿ ಕಾಣುತ್ತದೆ.

ಮೊದಲನೆಯದು, ಕಾಯಿಯ ಬಗ್ಗೆ ಇರುವ ಎರಡು ಪ್ಯಾರಾ ಮುಗಿದ ಮೇಲೆ. ಫೋಟೋದ ಬುಡದಲ್ಲೇ ಅಲ್ಲ, ಗಮನಿಸಿ. ಫೋಟೋಗೆ ತಾಗಿ ಜಾಹೀರಾತು ಇಟ್ಟರೆ ಆ ಫೋಟೋ ಜಾಹೀರಾತಿನದೇ ಅನ್ನಿಸುತ್ತದೆ. ಹಾಗೆ ಜೋಡಿಸುವುದು ಆ್ಯಡ್‌ಸೆನ್ಸ್ ನಿಯಮಕ್ಕೂ ವಿರುದ್ಧ. ಎರಡನೆಯದು, ರುಬ್ಬುವುದಕ್ಕೂ ಒತ್ತುವುದಕ್ಕೂ ನಡುವೆ. ಅಲ್ಲಿ ನಿಜವಾದ ವಿರಾಮ ಇದೆ. ಮೂರನೆಯದು, ಡಬ್ಬಿಗೆ ತುಂಬುವ ಪ್ಯಾರಾ ಮುಗಿದ ಮೇಲೆ. ಅದಕ್ಕೂ ಕೆಳಗಿನ ಕೊಂಡಿಗಳಿಗೂ ನಡುವೆ ಧಾರಾಳ ಜಾಗ ಬಿಟ್ಟಿದ್ದೇನೆ.

ಧಾರಾಳ ಅಂದರೆ ಎಷ್ಟು? ಆನ್‌ಲೈನ್ ಆಟದ ಪುಟಗಳಲ್ಲಿ ಆಟಕ್ಕೂ ಜಾಹೀರಾತಿಗೂ ನಡುವೆ ಕನಿಷ್ಠ 150 ಪಿಕ್ಸೆಲ್ (ಪರದೆಯ ಅಳತೆಯ ಚುಕ್ಕಿ) ಬಿಡಿ ಅಂತ ಗೂಗಲ್ ಹೇಳುತ್ತದೆ. ಅಡುಗೆ ಪುಟಕ್ಕೆ ಅಂತ ಅಂಕಿ ಇಲ್ಲ. ನಾನು ಬಟನ್, ಕೊಂಡಿ, ಮೆನು ಇರುವ ಕಡೆಯೆಲ್ಲ ಅದೇ 150 ಇಟ್ಟುಕೊಂಡೆ. ಬರೀ ಅಕ್ಷರ ಇರುವ ಕಡೆ ಒಂದು ಹೆಬ್ಬೆರಳಿನ ಅಗಲ ಸಾಕು.

ಸಾಮಗ್ರಿ ಪಟ್ಟಿಯ ಹತ್ತಿರ ಯಾವ ಜಾಹೀರಾತೂ ಇಲ್ಲ. ಅಲ್ಲೇ ಜನ ಜಾಸ್ತಿ ಹೊತ್ತು ಇರುತ್ತಾರೆ, ಅಲ್ಲಿ ಇಟ್ಟರೆ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ಅಕ್ಕ ಬಿದ್ದಿದ್ದೂ ಅಲ್ಲೇ.

3. ಜಾಗ ಮೊದಲೇ ಹಿಡಿದಿಡಿ

ಊಟದ ಪಂಕ್ತಿಯಲ್ಲಿ ತಡವಾಗಿ ಬರುವವರಿಗೆ ಎಲೆ ಹಾಕಿ ಇಡುತ್ತೇವಲ್ಲ, ಹಾಗೆ. ಇಲ್ಲದಿದ್ದರೆ ಅವರು ಬಂದಾಗ ಕೂತವರೆಲ್ಲ ಎದ್ದು ಜರುಗಬೇಕು.

ಜಾಹೀರಾತು ಯಾವಾಗಲೂ ನಿಮ್ಮ ಬರಹಕ್ಕಿಂತ ತಡವಾಗಿ ಬರುತ್ತದೆ. ಯಾರ ಜಾಹೀರಾತು ತೋರಿಸಬೇಕು ಅಂತ ಅದರ ಹಿಂದೆ ಒಂದು ಹರಾಜು ನಡೆಯಬೇಕು, ಚಿತ್ರ ಇಳಿಯಬೇಕು. ಅಲ್ಲಿಯವರೆಗೆ ಆ ಜಾಗದ ಎತ್ತರ ಸೊನ್ನೆ. ಬಂದ ಕೂಡಲೇ ಅದು 250 ಪಿಕ್ಸೆಲ್ ಆಗಿ, ಕೆಳಗಿನದ್ದೆಲ್ಲ ಜಾರುತ್ತದೆ. ಅಕ್ಕನ ಸಾಲದ ಕತೆ ಪೂರ್ತಿ ಇಷ್ಟೇ.

ಪರಿಹಾರ ಒಂದೇ ಸಾಲಿನದು. ಜಾಹೀರಾತು ಇರುವ ಡಿವ್‌ಗೆ (ಪುಟದ ಕೋಡಿನಲ್ಲಿ ಅದು ಕೂರುವ ಚೌಕ) ಸಿಎಸ್ಎಸ್‌ನಲ್ಲಿ, ಅಂದರೆ ಪುಟದ ರೂಪ ಬರೆಯುವ ಕಡೆ, ಮಿನ್-ಹೈಟ್ ಕೊಡಿ, ಅಂದರೆ ಕನಿಷ್ಠ ಎತ್ತರ. 300x250 ಅಳತೆಯ ಜಾಹೀರಾತಿಗೆ, ಮೇಲೆ 'ಜಾಹೀರಾತು' ಅಂತ ಬರೆದ ಸಾಲೂ ಸೇರಿ, ನಾನು 280 ಪಿಕ್ಸೆಲ್ ಕೊಟ್ಟಿದ್ದೇನೆ. ಜಾಹೀರಾತು ಬರಲಿಲ್ಲ ಅಂದರೆ ಅಲ್ಲಿ ಖಾಲಿ ಜಾಗ ಉಳಿಯುತ್ತದೆ. ಉಳಿಯಲಿ ಬಿಡಿ.

ಗೂಗಲ್ ಹುಡುಕಾಟಕ್ಕೂ ಇದು ಸಂಬಂಧಪಟ್ಟ ವಿಷಯ. ಪುಟ ಎಷ್ಟು ಅಲುಗಾಡುತ್ತದೆ ಅನ್ನುವುದಕ್ಕೆ ಸಿಎಲ್ಎಸ್ ಅಂತ ಒಂದು ಅಂಕ ಇದೆ. ಅದು 0.1 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಇನ್ನೊಂದು. ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಅನ್ನುವ ಸೈಟಿನಲ್ಲಿ ನಿಮ್ಮ ಪುಟದ ವಿಳಾಸ ಹಾಕಿದರೆ ಎರಡೂ ಕಾಣುತ್ತವೆ, ಪುಕ್ಕಟೆ. ಕೆಳಗಿರುವ ಜಾಹೀರಾತುಗಳು ಓದುವವರು ಹತ್ತಿರ ಬಂದಾಗ ಮಾತ್ರ ಇಳಿಯುವಂತೆ ಮಾಡಿದರೆ ಹಳ್ಳಿ ನೆಟ್‌ವರ್ಕಿನಲ್ಲೂ ಪುಟ ಬೇಗ ತೆರೆಯುತ್ತದೆ.

4. ಜಾಹೀರಾತನ್ನು ಜಾಹೀರಾತು ಅನ್ನಿ

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಶುರುವಿನ ವರ್ಷಗಳಲ್ಲಿ ಚಾತುರ್ಮಾಸದ ಅಡುಗೆಗಳನ್ನು ಒಂದು ಪಿಡಿಎಫ್ ಮಾಡಿ ಹಾಕಿದ್ದೆ. ಅದರ ಡೌನ್‌ಲೋಡ್ ಬಟನ್ನಿಗೆ ತಾಗಿಕೊಂಡೇ ಒಂದು ಜಾಹೀರಾತು. ಆ ಜಾಹೀರಾತಿನಲ್ಲೂ ಆಗಾಗ ಹಸಿರು ಬಣ್ಣದ 'ಡೌನ್‌ಲೋಡ್' ಅನ್ನುವ ಬಟನ್ ಬರುತ್ತಿತ್ತು. ನನಗದು ಗೊತ್ತಿತ್ತು. ಗೊತ್ತಿದ್ದೂ ಬಿಟ್ಟೆ. ಆ ತಿಂಗಳು ಕ್ಲಿಕ್ಕು ನಾಲ್ಕು ಪಟ್ಟಾಯಿತು. ಮನೆಯಲ್ಲಿ ಹೇಳಿಕೊಂಡು ಓಡಾಡಿದೆ. ತಿಂಗಳ ಕೊನೆಗೆ ಅಂದಾಜು ಗಳಿಕೆಗೂ ಅಂತಿಮ ಗಳಿಕೆಗೂ ಅಜಗಜಾಂತರ. ಹೆಚ್ಚು ಬಂದದ್ದಷ್ಟೂ ಕಡಿತ. ಜೊತೆಗೊಂದು ಎಚ್ಚರಿಕೆಯ ಇಮೇಲ್.

ಹಾಗಾಗಿ ಪ್ರತಿ ಜಾಹೀರಾತಿನ ತಲೆಯ ಮೇಲೆ ಚಿಕ್ಕದಾಗಿ 'ಜಾಹೀರಾತು' ಅಂತ ಬರೆಯಿರಿ. 'ಇದನ್ನೂ ಓದಿ', 'ನಿಮಗಾಗಿ', 'ಉಪಯುಕ್ತ ಕೊಂಡಿಗಳು' ಅನ್ನುವ ತಲೆಬರಹದ ಕೆಳಗೆ ಜಾಹೀರಾತು ಇಡಬೇಡಿ. ಜಾಹೀರಾತಿನ ಬಣ್ಣ, ಅಕ್ಷರ ನಿಮ್ಮ ಬರಹದ ಹಾಗೇ ಕಾಣುವಂತೆ ಮಾಡಬೇಡಿ. ಬಾಣದ ಗುರುತು ತೋರಿಸಬೇಡಿ.

ಇದು ಬರೀ ಗೂಗಲ್ ನಿಯಮ ಅಲ್ಲ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಗ್ರಾಹಕರನ್ನು ಯಾಮಾರಿಸುವ 13 ಆನ್‌ಲೈನ್ ತಂತ್ರಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಒಂದು ವೇಷ ಮರೆಸಿದ ಜಾಹೀರಾತು. ಸುದ್ದಿಯ ಹಾಗೆ, ಓದುಗರ ಬರಹದ ಹಾಗೆ ಕಾಣುವ ಜಾಹೀರಾತು ಅದರೊಳಗೆ ಬರುತ್ತದೆ.

5. ಎಷ್ಟು ಸಾಕು?

ಒಂದು ಪುಟಕ್ಕೆ ಮೂರೇ ಅನ್ನುವ ಹಳೆಯ ಮಿತಿಯನ್ನು ಆ್ಯಡ್‌ಸೆನ್ಸ್ 2016ರಲ್ಲಿ ತೆಗೆದುಹಾಕಿತು. ಈಗ ಇರುವ ಮಾತು ಬರಹಕ್ಕಿಂತ ಜಾಹೀರಾತು ಜಾಸ್ತಿ ಇರಬಾರದು ಅಂತ. ಉತ್ತಮ ಜಾಹೀರಾತಿಗಾಗಿ ಉದ್ಯಮದವರೇ ಸೇರಿ ಮಾಡಿಕೊಂಡ ಮಾನದಂಡದ ಪ್ರಕಾರ ಫೋನಿನಲ್ಲಿ ಬರಹದ ಒಟ್ಟು ಉದ್ದದಲ್ಲಿ ಜಾಹೀರಾತು 30% ದಾಟಬಾರದು. ತಾನಾಗಿ ಸದ್ದು ಮಾಡುವ ವಿಡಿಯೊ, ಮುಖದ ಮೇಲೆ ಹಾರುವ ಪಾಪ್‌ಅಪ್, ಮಿಣಮಿಣ ಮಿಂಚುವ ಚಿತ್ರ, ಇವೂ ಬೇಡದ ಪಟ್ಟಿಯಲ್ಲಿವೆ. 2019ರ ಜುಲೈ 9ರಿಂದ ಜಗತ್ತಿನಾದ್ಯಂತ, ಈ ಮಾನದಂಡವನ್ನು ಮತ್ತೆ ಮತ್ತೆ ಮುರಿಯುವ ಸೈಟುಗಳ ಜಾಹೀರಾತುಗಳನ್ನು ಕ್ರೋಮ್ ಬ್ರೌಸರೇ ತಡೆಯುತ್ತದೆ.

ನನ್ನ ಹಪ್ಪಳದ ಪುಟ ಫೋನಿನಲ್ಲಿ ಸುಮಾರು 6,000 ಪಿಕ್ಸೆಲ್ ಉದ್ದ. 30% ಅಂದರೆ 1,800. ಲೆಕ್ಕದ ಪ್ರಕಾರ ಏಳು ಜಾಹೀರಾತು ಹಿಡಿಸುತ್ತದೆ. ನಾನು ಇಟ್ಟಿದ್ದು ಮೂರು. ಬಸ್ಸಿನಲ್ಲಿ ಎಷ್ಟು ಜನ ಹಿಡಿಸುತ್ತಾರೆ ಅನ್ನುವುದೂ, ಎಷ್ಟು ಜನ ಕೂತು ಹೋಗಬಹುದು ಅನ್ನುವುದೂ ಬೇರೆ ಬೇರೆ.

ಗೂಗಲ್ ತಾನೇ ಜಾಗ ಆರಿಸುವ ಆಟೊ ಆ್ಯಡ್ಸ್ ಇದೆಯಲ್ಲ, ಅದನ್ನು ಕಣ್ಣು ಮುಚ್ಚಿ ಆನ್ ಮಾಡಬೇಡಿ. ಅದಕ್ಕೆ ನಿಮ್ಮ ಸಾಮಗ್ರಿ ಪಟ್ಟಿ ಯಾವುದು ಅಂತ ಗೊತ್ತಿಲ್ಲ. ಬಳಸುವುದೇ ಆದರೆ ಮುನ್ನೋಟದಲ್ಲಿ ನೋಡಿ, ಬೇಡದ ಜಾಗಗಳನ್ನು ತೆಗೆದುಹಾಕಲು ಅವಕಾಶ ಇದೆ, ಸಂಖ್ಯೆಯನ್ನೂ ಇಳಿಸಬಹುದು. ಪರದೆಯ ಅಂಚಿಗೆ ಅಂಟಿಕೊಂಡೇ ಇರುವ ಆ್ಯಂಕರ್ ಜಾಹೀರಾತು ಮತ್ತು ಪುಟದಿಂದ ಪುಟಕ್ಕೆ ಹೋಗುವಾಗ ಇಡೀ ಪರದೆ ತುಂಬುವ ಜಾಹೀರಾತು, ಎರಡಕ್ಕೂ ನಿಯಮದಲ್ಲಿ ಅವಕಾಶ ಇದೆ. ನಾನು ಎರಡನ್ನೂ ನಿಲ್ಲಿಸಿದ್ದೇನೆ. ಕೆಳ ಅಂಚು ಅಂದರೆ ಹೆಬ್ಬೆರಳಿನ ಮನೆ.

6. ಯಾರನ್ನು ಒಳಗೆ ಬಿಡಬಾರದು

ಕನ್ನಡ ಪುಟದಲ್ಲಿ ಎಂಥೆಂಥ ಜಾಹೀರಾತು ಬರಬಹುದು ಅಂತ ನಿಮಗೆ ಗೊತ್ತೇ ಇದೆ. 'ಸ್ತ್ರೀ ಪುರುಷ ವಶೀಕರಣ, ಒಂದೇ ಕರೆಯಲ್ಲಿ ಪರಿಹಾರ.' ಪತ್ರೊಡೆಯ ಕೆಳಗೆ ವಶೀಕರಣ ಬಂದರೆ ಓದುವವರು ಜ್ಯೋತಿಷಿಯನ್ನು ಬೈಯುವುದಿಲ್ಲ, ನಿಮ್ಮನ್ನೇ ಬೈಯುತ್ತಾರೆ.

ಆ್ಯಡ್‌ಸೆನ್ಸ್‌ನಲ್ಲಿ ಬ್ರ್ಯಾಂಡ್ ಸೇಫ್ಟಿ ಅನ್ನುವ ಭಾಗದಲ್ಲಿ ಜಾಹೀರಾತಿನ ವರ್ಗಗಳನ್ನು ತಡೆಯಬಹುದು. ನಾನು ತಡೆದದ್ದು ಜ್ಯೋತಿಷ್ಯ, ದಿಢೀರ್ ಶ್ರೀಮಂತರಾಗುವ ದಾರಿ, ತೂಕ ಇಳಿಸುವುದು, ಡೇಟಿಂಗ್, ಮೈ ತೋರಿಸುವ ಜಾಹೀರಾತು. ಇಷ್ಟು ತಡೆದರೆ ಹರಾಜಿನಲ್ಲಿ ಕೂಗುವವರು ಕಡಿಮೆಯಾಗಿ ಸ್ವಲ್ಪ ಆದಾಯ ಇಳಿಯುತ್ತದೆ. ಅದು ಬಾಗಿಲಿಗೆ ಹಾಕಿದ ಚಿಲಕದ ಖರ್ಚು ಅಂದುಕೊಳ್ಳಿ. ಒಂದೊಂದೇ ಜಾಹೀರಾತನ್ನು ನೋಡಿ ತಡೆಯಲೂ ದಾರಿ ಇದೆ. ತಿಂಗಳಿಗೊಮ್ಮೆ ಹತ್ತು ನಿಮಿಷ ಕೂತು ನೋಡಿ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟ, ಬೆಟ್ಟಿಂಗ್ ಕಡೆಯವರು ನೇರವಾಗಿ ಇಮೇಲ್ ಮಾಡಿ ದೊಡ್ಡ ಮೊತ್ತ ಹೇಳುತ್ತಾರೆ. ಮುಟ್ಟಲೇಬೇಡಿ. ಆಗಸ್ಟ್ 2025ರಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾನೂನಿನಲ್ಲಿ ಇಂಥ ಆಟದ ಜಾಹೀರಾತಿಗೆ ಎರಡು ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ.

7. ಮನೆಯವರ ಪ್ರೀತಿಯ ಕ್ಲಿಕ್ಕು

ಸೈಟಿಗೆ ಜಾಹೀರಾತು ಬಂದ ದಿನ ಖುಷಿಯಲ್ಲಿ ಫ್ಯಾಮಿಲಿ ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ. ಚಿಕ್ಕಪ್ಪ 'ಹತ್ತು ಸಲ ಒತ್ತಿದೆ ಪುಟ್ಟಿ, ಇನ್ನೂ ಒತ್ತಲಾ' ಅಂತ ಕೇಳುತ್ತಾರೆ. ಅಲ್ಲಿಗೆ ಮುಗಿಯಿತು. ಒಂದೇ ಕಡೆಯಿಂದ, ಒಂದೇ ದಿನ, ಮತ್ತೆ ಮತ್ತೆ ಬಂದ ಕ್ಲಿಕ್ಕು ಕಂಪ್ಯೂಟರಿಗೆ ತಕ್ಷಣ ಗೊತ್ತಾಗುತ್ತದೆ. ಖಾತೆಯೇ ಹೋಗಬಹುದು.

ನಿಮ್ಮ ಜಾಹೀರಾತನ್ನು ನೀವು ಒತ್ತಬಾರದು. ಒತ್ತಿ ಅಂತ ಯಾರಿಗೂ ಹೇಳಬಾರದು. 'ನಮ್ಮನ್ನು ಬೆಂಬಲಿಸಲು ಜಾಹೀರಾತು ನೋಡಿ' ಅಂತ ಬರೆಯುವುದೂ ತಪ್ಪೇ. ಗುಂಪಿಗೆ ಹಾಕುವ ಮೊದಲೇ 'ದಯವಿಟ್ಟು ಯಾರೂ ಒತ್ತಬೇಡಿ' ಅಂತ ಹೇಳಿಬಿಡಿ. ಚಿಕ್ಕಪ್ಪನಿಗೆ ಪ್ರತ್ಯೇಕವಾಗಿ ಫೋನ್ ಮಾಡಿ.

8. ಎರಡು ವಾರ ಸುಮ್ಮನಿರಿ, ಆಮೇಲೆ ನೋಡಿ

ದಿನಾ ಬೆಳಿಗ್ಗೆ ಎದ್ದು ಗಳಿಕೆ ನೋಡುವ ಚಟ ಎಲ್ಲರಿಗೂ ಇರುತ್ತದೆ. ನೋಡಿ, ಆದರೆ ಅದರ ಮೇಲೆ ಏನನ್ನೂ ಬದಲಿಸಬೇಡಿ. ಚಿಕ್ಕ ಸೈಟಿನಲ್ಲಿ ಒಂದು ದಿನದ ಅಂಕಿಗೆ ಅರ್ಥವಿಲ್ಲ.

ನೋಡಬೇಕಾದ ಮುಖ್ಯ ಅಂಕಿ ಆರ್‌ಪಿಎಂ. ಅಂದರೆ ಸಾವಿರ ಸಲ ಪುಟ ತೆರೆದರೆ ಎಷ್ಟು ಬಂತು ಅಂತ. ಲೆಕ್ಕ ತಿಳಿಯಲಿ ಅಂತ ಹೇಳುತ್ತೇನೆ: ತಿಂಗಳಿಗೆ 20,000 ಸಲ ಪುಟಗಳು ತೆರೆದು 900 ರೂಪಾಯಿ ಬಂದರೆ, 900ನ್ನು 20,000ದಿಂದ ಭಾಗಿಸಿ 1,000ದಿಂದ ಗುಣಿಸಿ. 45 ರೂಪಾಯಿ. ಜೊತೆಗೆ ಪ್ರತಿ ಜಾಗದ್ದೂ ಎಷ್ಟು ಪಾಲು 'ಕಂಡಿದೆ' ಅನ್ನುವ ಅಂಕಿ ನೋಡಿ. ಯಾವುದು ಯಾರಿಗೂ ಕಾಣುತ್ತಿಲ್ಲವೋ ಅದನ್ನು ಸರಿಸಿ ಅಥವಾ ಕಿತ್ತುಹಾಕಿ.

ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ವಾರ ಬಿಡಿ. ಭಾನುವಾರಕ್ಕೆ ಭಾನುವಾರ, ಬುಧವಾರಕ್ಕೆ ಬುಧವಾರ ಹೋಲಿಸಿ. ದಸರಾದಿಂದ ದೀಪಾವಳಿವರೆಗೆ ಕಂಪನಿಗಳು ದುಡ್ಡು ಸುರಿಯುವ ಕಾಲ, ಜನವರಿಯಲ್ಲಿ ಇಳಿಯುತ್ತದೆ. ಹಾಗಾಗಿ ಅಕ್ಟೋಬರ್‌ನಲ್ಲಿ ಮಾಡಿದ ಬದಲಾವಣೆ ಯಾವಾಗಲೂ ಗೆದ್ದಂತೆ ಕಾಣುತ್ತದೆ, ಮೋಸ ಹೋಗಬೇಡಿ. ಕ್ಲಿಕ್ಕಿನ ಪ್ರಮಾಣ ಏಕಾಏಕಿ ಏರಿದರೆ ಖುಷಿಪಡುವ ಮೊದಲು ಫೋನಿನಲ್ಲಿ ಆ ಪುಟ ತೆರೆದು ನೋಡಿ. ನನ್ನ ಪಿಡಿಎಫ್ ನೆನಪಿರಲಿ.

9. ಊರಿನ ಅಂಗಡಿಯ ಜಾಹೀರಾತು

ಕನ್ನಡ ಸೈಟಿಗೆ ನಿಜವಾದ ದಾರಿ ಇದು ಅಂತ ನನ್ನ ಅನಿಸಿಕೆ. ಹರಾಜಿನಲ್ಲಿ ಕನ್ನಡ ಪುಟಕ್ಕೆ ಸಿಗುವ ಬೆಲೆ ಕಡಿಮೆ. ಆದರೆ ಹಪ್ಪಳ ಒತ್ತುವ ಮಣೆ, ಗ್ರೈಂಡರ್ ಮಾರುವ ಅಂಗಡಿಯವರಿಗೆ ನಿಮ್ಮ ಓದುಗರು ಚಿನ್ನ.

ಲೆಕ್ಕ ಹಾಕಿ. ಸೀಸನ್ನಿನಲ್ಲಿ ಹಪ್ಪಳದ ಪುಟ ತಿಂಗಳಿಗೆ 10,000 ಸಲ ತೆರೆಯುತ್ತದೆ ಅನ್ನೋಣ. ಆರ್‌ಪಿಎಂ 45 ಆದರೆ ಮೂರು ಜಾಗಕ್ಕೆ ಸೇರಿ 450 ರೂಪಾಯಿ, ಒಂದಕ್ಕೆ 150. ಅದೇ ಒಂದು ಜಾಗವನ್ನು ಅಂಗಡಿಯವರಿಗೆ ತಿಂಗಳಿಗೆ 1,000ಕ್ಕೆ ಕೊಟ್ಟರೆ ಅವರಿಗೂ ಹೊರೆಯಲ್ಲ. ಎರಡು ಗ್ರೈಂಡರ್ ಹೋದರೆ ಅವರ ದುಡ್ಡು ಹುಟ್ಟಿತು. ಆ್ಯಡ್‌ಸೆನ್ಸ್ ಇರುವ ಪುಟದಲ್ಲೇ ಇಂಥ ನೇರ ಜಾಹೀರಾತೂ ಇರಬಹುದು, ಅಡ್ಡಿಯಿಲ್ಲ.

ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ಪುಟ, ಯಾವ ಜಾಗ, ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ, ಎಷ್ಟು ಹಣ, ಚಿತ್ರ ಯಾರು ಮಾಡಿಕೊಡುತ್ತಾರೆ. ಇಷ್ಟು ಕ್ಲಿಕ್ಕು ಬರುತ್ತದೆ ಅಂತ ಮಾತು ಕೊಡಬೇಡಿ. ತಿಂಗಳ ಕೊನೆಗೆ ಎಷ್ಟು ಸಲ ತೋರಿಸಿತು ಅನ್ನುವುದರ ಸ್ಕ್ರೀನ್‌ಶಾಟ್ ಕಳಿಸಿ, ಅವರು ಕೇಳದಿದ್ದರೂ ಕಳಿಸಿ. ಮುಂದಿನ ವರ್ಷ ಅವರೇ ಫೋನ್ ಮಾಡುತ್ತಾರೆ.

ಹಣ ಪಡೆದು ಹಾಕಿದ ಕೊಂಡಿಯ ಕೋಡಿನಲ್ಲಿ ರೆಲ್ ಅನ್ನುವ ಕಡೆ 'ಸ್ಪಾನ್ಸರ್ಡ್' ಅಂತ ಗುರುತು ಹಾಕಬೇಕು. 2019ರಿಂದ ಗೂಗಲ್ ಇದಕ್ಕೇ ಅಂತ ಈ ಗುರುತು ಇಟ್ಟಿದೆ. ಹಾಕದಿದ್ದರೆ ದುಡ್ಡಿಗೆ ಕೊಂಡಿ ಮಾರಿದಂತೆ, ಹುಡುಕಾಟದಲ್ಲಿ ಕೆಳಗೆ ಬೀಳಬಹುದು. ಇನ್ನು ಗ್ರೈಂಡರನ್ನು ಪುಕ್ಕಟೆ ಕೊಟ್ಟು 'ಚೆನ್ನಾಗಿದೆ ಅಂತ ಬರೆಯಿರಿ' ಅಂದರೆ, ಪುಕ್ಕಟೆ ಬಂದದ್ದನ್ನು ಬರಹದ ಮೇಲ್ಗಡೆಯೇ ಹೇಳಿ. ಜೂನ್ 2022ರಲ್ಲಿ ಬಂದ ಜಾಹೀರಾತು ಮಾರ್ಗಸೂಚಿಯ ಪ್ರಕಾರ ಇದು ಕಡ್ಡಾಯ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ.

10. ದುಡ್ಡು ಮನೆಗೆ ಬರುವ ದಾರಿ

ಗಳಿಕೆ 10 ಡಾಲರ್ ಮುಟ್ಟಿದಾಗ ಆ್ಯಡ್‌ಸೆನ್ಸ್ ನಿಮ್ಮ ವಿಳಾಸಕ್ಕೆ ಅಂಚೆಯಲ್ಲಿ ಒಂದು ಪಿನ್ ಕಳಿಸುತ್ತದೆ. ಆರು ಅಂಕಿ. ನಾಲ್ಕು ತಿಂಗಳೊಳಗೆ ಅದನ್ನು ತುಂಬದಿದ್ದರೆ ಜಾಹೀರಾತು ನಿಲ್ಲುತ್ತದೆ. ನಾನು ಮೊದಲ ಸಲ ವಿಳಾಸದಲ್ಲಿ ಊರಿನ ಹೆಸರು ಮಾತ್ರ ಬರೆದು, ಮನೆ ಹೆಸರೂ ಕೇರಿಯೂ ಬಿಟ್ಟಿದ್ದೆ. ಪಿನ್ ಬರಲೇ ಇಲ್ಲ. ಎರಡನೇ ಸಲ ಪೋಸ್ಟ್‌ಮ್ಯಾನ್‌ಗೆ ಗೊತ್ತಿರುವ ಹಾಗೆ ಬರೆದೆ, ಬಂತು.

ಖಾತೆಯ ಹೆಸರು, ಬ್ಯಾಂಕಿನ ಹೆಸರು, ಪ್ಯಾನ್ ಕಾರ್ಡಿನ ಹೆಸರು ಮೂರೂ ಒಂದೇ ಇರಲಿ. ಇನಿಶಿಯಲ್ ಹಿಂದೆ ಮುಂದೆ ಆದರೂ ತಲೆನೋವು. ಹೊರದೇಶದಿಂದ ಹಣ ಬರಲು ಸ್ವಿಫ್ಟ್ ಕೋಡ್ ಬೇಕು, ಅಂದರೆ ಬೇರೆ ದೇಶದ ಬ್ಯಾಂಕುಗಳು ನಿಮ್ಮ ಬ್ಯಾಂಕನ್ನು ಗುರುತಿಸುವ ಸಂಕೇತ. ಹಳ್ಳಿಯ ಶಾಖೆಗೆ ಅದು ಇರುವುದು ಅಪರೂಪ. ಅದೇ ಬ್ಯಾಂಕಿನ ದೊಡ್ಡ ಶಾಖೆಯ ಕೋಡ್ ನಡೆಯುತ್ತದಾ ಅಂತ ನಿಮ್ಮ ಶಾಖೆಯಲ್ಲೇ ಕೇಳಿ. ಗಳಿಕೆ 100 ಡಾಲರ್ ದಾಟಿದರೆ ಮುಂದಿನ ತಿಂಗಳ 21ರಿಂದ 26ರ ನಡುವೆ ಹಣ ಹೊರಡುತ್ತದೆ. ದಾಟದಿದ್ದರೆ ಮುಂದಕ್ಕೆ ಸೇರುತ್ತಾ ಹೋಗುತ್ತದೆ. ನನಗೆ ಮೊದಲ 100 ಆಗಲು ಒಂದೂವರೆ ವರ್ಷ ಹಿಡಿಯಿತು.

ಬಂದ ಹಣ ಆದಾಯವೇ, ರಿಟರ್ನ್‌ನಲ್ಲಿ ತೋರಿಸಬೇಕು. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಸಾಮಾನ್ಯ ಮಿತಿ ವರ್ಷಕ್ಕೆ 20 ಲಕ್ಷ. ಅಷ್ಟು ದೂರ ಹೋದವರು ಹೇಗೂ ಸಿಎ ಹತ್ತಿರ ಹೋಗಿರುತ್ತಾರೆ.

ಲಂಡನ್, ಮ್ಯೂನಿಕ್‌ನಲ್ಲಿರುವ ಕನ್ನಡಿಗರೂ ನಿಮ್ಮ ಸೈಟು ಓದುತ್ತಾರೆ ಅನ್ನುವುದು ನೆನಪಿರಲಿ. 2024ರ ಜನವರಿ 16ರಿಂದ ಯುರೋಪ್ ಮತ್ತು ಬ್ರಿಟನ್ ಓದುಗರಿಗೆ ಜಾಹೀರಾತು ತೋರಿಸಲು ಗೂಗಲ್ ಒಪ್ಪಿದ ಸಮ್ಮತಿ ಸಂದೇಶ ಬೇಕು, ಅಂದರೆ ಕುಕೀ ಬಳಸಲು ಓದುವವರ ಒಪ್ಪಿಗೆ ಕೇಳುವ ಸಂದೇಶ. ಆ್ಯಡ್‌ಸೆನ್ಸ್ ಒಳಗೇ 'ಪ್ರೈವೆಸಿ ಆ್ಯಂಡ್ ಮೆಸೇಜಿಂಗ್' ಅನ್ನುವ ಕಡೆ ಅದನ್ನು ಪುಕ್ಕಟೆ ಮಾಡಿಕೊಳ್ಳಬಹುದು. ಅರ್ಧ ಗಂಟೆಯ ಕೆಲಸ.

11. ಕೊನೆಗೆ, ಒದ್ದೆ ಕೈಯ ಪರೀಕ್ಷೆ

ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ನೋಡಿ 'ಚೆನ್ನಾಗಿದೆ' ಅನ್ನಬೇಡಿ. ನಿಮ್ಮ ಓದುಗರ ಕೈಯಲ್ಲಿರುವ ಫೋನಿನಲ್ಲೇ ನೋಡಿ. ನಾನು ಪುಟದ ಒಂದು ನಕಲು ಮಾಡಿ, ಆ್ಯಡ್‌ಸೆನ್ಸ್ ಕೋಡಿನಲ್ಲಿ ಆ್ಯಡ್‌ಟೆಸ್ಟ್ ಆನ್ ಅಂತ ಹಾಕಿದೆ. ಹಾಗೆ ಮಾಡಿದರೆ ಜಾಹೀರಾತು ಕಾಣುತ್ತದೆ, ಆದರೆ ಲೆಕ್ಕಕ್ಕೆ ಸೇರುವುದಿಲ್ಲ, ತಪ್ಪಿ ಒತ್ತಿದರೂ ಖಾತೆಗೆ ಅಪಾಯವಿಲ್ಲ. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆಯುವುದು ಮರೆಯಬೇಡಿ, ಇಲ್ಲದಿದ್ದರೆ ಪೈಸೆಯೂ ಬರುವುದಿಲ್ಲ.

ಅಕ್ಕನ ಮನೆಗೇ ಹೋದೆ. ಅದೇ ಫೋನ್, ಅದೇ ಭರಣಿ, ಕೈಗೆ ಈ ಸಲ ಅಕ್ಕಿ ಹಿಟ್ಟು. ತಲೆಬರಹದಿಂದ ಡಬ್ಬಿಯವರೆಗೆ ಕಿರುಬೆರಳಿನಲ್ಲಿ ಎರಡು ಸಲ ಮೇಲೆ ಕೆಳಗೆ ಓಡಾಡಿಸಿದಳು. ಪುಟ ಜಾರಲಿಲ್ಲ. ಸಾಲ ಬೇಕಾ ಅಂತ ಯಾರೂ ಕೇಳಲಿಲ್ಲ. ನಾನು ಉಸಿರು ಬಿಟ್ಟೆ.

ಅವಳು ಸಾಮಗ್ರಿ ಪಟ್ಟಿಯ ಹತ್ತಿರ ನಿಂತು ಕನ್ನಡಕ ಸರಿಮಾಡಿಕೊಂಡಳು. "ಅಲ್ವೇ, ಉಪ್ಪು ಎಷ್ಟು ಅಂತ ಬರೆದೇ ಇಲ್ವಲ್ಲೇ?"